ಎಪ್ಪತ್ತರ ಗೆರೆ

ಮೂರು ವರ್ಷದ ಹಿಂದೆ ನಮ್ಮ ಸೋದರತ್ತೆಯನ್ನು ನೆನಪಿನ ಪರೀಕ್ಷೆಗೆಂದು ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಪ್ರಶ್ನೆ ಕೇಳಲು ಕೂತವಳು ಇಪ್ಪತ್ತೈದರ ಆಚೀಚಿನ ಹುಡುಗಿ. ಮೆತ್ತಗಿನ ಮಾತು, ಕೈಯಲ್ಲಿ ಒಂದು ಹಾಳೆ, ಪೆನ್ಸಿಲ್. ‘ಅಜ್ಜಿ, ಇವತ್ತು ಎಷ್ಟನೇ ತಾರೀಖು?’ ಅತ್ತೆ ತಡಮಾಡದೆ ಹೇಳಿದರು: ‘ತಾರೀಖು ಯಾರಿಗೆ ಗೊತ್ತು ಕಣಮ್ಮ, ಇವತ್ತು ದ್ವಾದಶಿ. ಪಾರಣೆ ಮುಗಿಸ್ಕೊಂಡೇ ಬಂದಿದೀನಿ.’ ಹುಡುಗಿ ಸೊನ್ನೆ ಬರೆದಳು. ‘ನೂರರಲ್ಲಿ ಏಳು ಕಳೆದರೆ ಎಷ್ಟು? ಹಾಗೇ ಕಳೀತಾ ಹೋಗಿ.’ ಅತ್ತೆ ಅವಳ ಮುಖ ನೋಡಿದರು. ‘ಏಳು ಏನು ಕಳೆಯೋದು?’ ನಾನು ಬಾಯಿ ಹಾಕಬಾರದಿತ್ತು, ಹಾಕಿದೆ: ‘ನೂರು ರೂಪಾಯಿ ಇದೆ ಅಂದ್ಕೊಳ್ಳಿ ಅತ್ತೆ, ಏಳು ರೂಪಾಯಿಗೆ ಕೊತ್ತಂಬರಿ ತಗೊಂಡ್ರಿ.’ ಅಷ್ಟು ಸಾಕಾಯಿತು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮೆಟ್ಟಿಲಿಳಿದ ಹಾಗೆ ಇಳಿದರು. ‘ಸುಳಿವು ಕೊಟ್ಟರೆ ಮಾರ್ಕ್ಸ್ ಹಾಕೋ ಹಾಗಿಲ್ಲ ಸರ್’ ಎಂದು ಹುಡುಗಿ ಮುಜುಗರದಿಂದ ನಕ್ಕಳು. ಮೂವತ್ತಕ್ಕೆ ಇಪ್ಪತ್ತೊಂದು ಬಂತು. ವಾಪಸು ಬರುವಾಗ ಆಟೋದಲ್ಲಿ ಅತ್ತೆ ಕೇಳಿದ್ದು ಒಂದೇ ಮಾತು: ‘ಪಾಸಾದ್ನೇನೋ?’

ಇಂಥ ಪರೀಕ್ಷೆಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಸೇರಿ ಮಾಡಿದ 30 ಅಂಕಗಳ ಪಟ್ಟಿ. 24ಕ್ಕಿಂತ ಕೆಳಗಿಳಿದರೆ ಅನುಮಾನಪಡಬೇಕು ಎಂಬುದು ರೂಢಿ. ಶಾಲೆಯ ಮೆಟ್ಟಿಲು ಹತ್ತದವರಿಗೆ ಈ ಗೆರೆ ನ್ಯಾಯವಲ್ಲ ಎಂಬುದು ಸಂಶೋಧಕರಿಗೆ ತಿಳಿಯದ ಸಂಗತಿಯಲ್ಲ. ಹರಿಯಾಣದ ಬಲ್ಲಭ್‌ಗಢದಲ್ಲಿ ಕೆಲಸ ಮಾಡಿದ ತಂಡವೊಂದು ಓದುಬರಹ ಬಾರದ ಹಿರಿಯರಿಗೆಂದು ಪ್ರಶ್ನೆಗಳನ್ನೇ ಬದಲಿಸಿ 1995ರಲ್ಲಿ ಹಿಂದಿ ಆವೃತ್ತಿಯೊಂದನ್ನು ಪ್ರಕಟಿಸಿತು. ತಿಳಿದದ್ದು ಆಸ್ಪತ್ರೆಯ ಕೋಣೆಯ ತನಕ ಬಂದು ಮುಟ್ಟಲು ಕಾಲ ಹಿಡಿಯುತ್ತದೆ, ಅಷ್ಟೆ.

ಮನಸ್ಸನ್ನು ಅಳೆಯುವುದೇ ಬೂಟಾಟಿಕೆ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಅಳೆಯದೆ ಬಿಟ್ಟರೆ ಆ ಜಾಗದಲ್ಲಿ ಡಾಕ್ಟರ ಗತ್ತು, ಮೇಷ್ಟರ ಮುನಿಸು, ಪೊಲೀಸರ ಊಹೆ ಬಂದು ಕೂರುತ್ತವೆ. ನನ್ನ ತಕರಾರು ಅಳತೆಯ ಮೇಲೆ ಎಳೆಯುವ ಗೆರೆಯದು. ಬುದ್ಧಿ, ದಣಿವು, ತೀರ್ಪು ಈ ಮೂರರ ಮೇಲೆ ನೂರು ವರ್ಷಕ್ಕೂ ಮಿಕ್ಕಿ ನಡೆದ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಂಕಿ ತಪ್ಪಿದ್ದಕ್ಕಿಂತ ಗೆರೆ ಕೆಡಿಸಿದ್ದೇ ಹೆಚ್ಚು ಕಾಣುತ್ತದೆ.

ಹಳೆಯ ಕಾಲದಲ್ಲಿ ಕಣದ ರಾಶಿ ಅಳೆಯುವವರು ಮೊದಲ ಅಳತೆಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ಸೇರನ್ನು ಗೋಪುರದ ಹಾಗೆ ತುಂಬುವುದೋ, ತಲೆ ಸವರಿ ಅಳೆಯುವುದೋ ಎಂಬ ಜಗಳ ಅಳೆಯಲು ಕೂರುವ ಮೊದಲೇ ತೀರಬೇಕಿತ್ತು. ಮನಶ್ಶಾಸ್ತ್ರದಲ್ಲಿ ಆ ಜಗಳ ತೀರಲೇ ಇಲ್ಲ. 1932ರಲ್ಲಿ ಬ್ರಿಟನ್ನಿನ ವಿಜ್ಞಾನ ಸಂಘ ಭೌತಶಾಸ್ತ್ರಜ್ಞರನ್ನೂ ಮನಶ್ಶಾಸ್ತ್ರಜ್ಞರನ್ನೂ ಒಂದೇ ಸಮಿತಿಯಲ್ಲಿ ಕೂರಿಸಿ, ಮನುಷ್ಯನ ಸಂವೇದನೆಯನ್ನು ಅಳೆಯಲು ಸಾಧ್ಯವೇ ಎಂದು ಕೇಳಿತು. ಎಂಟು ವರ್ಷ ವಾದ ನಡೆದು 1940ರಲ್ಲಿ ಒಮ್ಮತವಿಲ್ಲದ ವರದಿ ಬಂತು. ಹಾರ್ವರ್ಡ್‌ನ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಗಂಟನ್ನು ಬಿಚ್ಚಲಿಲ್ಲ, ಕತ್ತರಿಸಿಬಿಟ್ಟ: ಒಂದು ನಿಯಮದ ಪ್ರಕಾರ ಅಂಕಿ ಹಚ್ಚಿದರೆ ಅದೇ ಅಳತೆ. ಅಂದಿನಿಂದ ಅಂಗಡಿ ಜೋರಾಗಿ ನಡೆದಿದೆ. ಆದರೆ ನಮ್ಮತ್ತೆಯ ಇಪ್ಪತ್ತಕ್ಕೂ ಇಪ್ಪತ್ತೊಂದಕ್ಕೂ ನಡುವಿನ ಅಂತರ ಇಪ್ಪತ್ತೆಂಟಕ್ಕೂ ಇಪ್ಪತ್ತೊಂಬತ್ತಕ್ಕೂ ನಡುವಿನ ಅಂತರದಷ್ಟೇ ಇದೆಯೇ ಎಂದು ಕೇಳಿದರೆ ಅಂಗಡಿಯವರು ಬೇರೆ ಕಡೆ ನೋಡುತ್ತಾರೆ.

ಬುದ್ಧಿಯನ್ನು ಅಳೆಯುವ ಕಥೆ ಶುರುವಾದದ್ದು ಕರುಣೆಯಿಂದಲೇ. ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯವಾದ ಫ್ರಾನ್ಸಿನಲ್ಲಿ, ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಹೆಚ್ಚಿನ ನೆರವು ಕೊಡಬೇಕಿತ್ತು. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 30 ಚಟುವಟಿಕೆಗಳ ಪಟ್ಟಿ ಮಾಡಿದರು. ಈ ಅಂಕಿ ಮಗುವಿನ ಹಣೆಬರಹವಲ್ಲ, ಕಲಿಸಿದರೆ ಬದಲಾಗುತ್ತದೆ ಎಂಬುದು ಬಿನೆಯ ಪಟ್ಟು. ಆತ 1911ರಲ್ಲಿ ತೀರಿಕೊಂಡ. ಪಟ್ಟಿ ಅಟ್ಲಾಂಟಿಕ್ ದಾಟಿದ ಮೇಲೆ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 17 ಲಕ್ಷ ಮಂದಿಯನ್ನು ಇಂಥ ಪರೀಕ್ಷೆಗಳ ಜರಡಿಯಲ್ಲಿ ಹಾಕಿ ತೆಗೆಯಿತು. ಹಣೆಬರಹವಲ್ಲ ಎಂದದ್ದು ಹಣೆಬರಹವಾಗಿಯೇ ಹೋಯಿತು. ವಲಸಿಗರ, ಕರಿಯರ ಪಾಲಿಗೆ ಅದು ಏನಾಯಿತೆಂಬುದು ಬೇರೆ ಲೇಖನಕ್ಕೇ ಸರಕು.

ನಮ್ಮ ಕಡೆಗೆ ಈ ವಿದ್ಯೆ ಬಂದ ದಾರಿ ಸ್ವಾರಸ್ಯದ್ದು. ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರನ್ನು ಜನ ನೆನೆಯುವುದು 1935ರಲ್ಲಿ ಮನೆಯಿಂದಲೇ ರೇಡಿಯೋ ಶುರುಮಾಡಿ, ‘ಆಕಾಶವಾಣಿ’ ಎಂಬ ಹೆಸರು ಚಾಲ್ತಿಗೆ ಬರಲು ಕಾರಣರಾದವರೆಂದು. ಅವರ ಕಸುಬು ಮನಶ್ಶಾಸ್ತ್ರ. ಲಂಡನ್ನಿನಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಒಂದು ವಿಷಯದಲ್ಲಿ ಚುರುಕಾದವರು ಸಾಮಾನ್ಯವಾಗಿ ಉಳಿದವುಗಳಲ್ಲೂ ಚುರುಕಾಗಿರುವುದನ್ನು ಕಂಡು, ಎಲ್ಲದರ ಹಿಂದೆ ಒಂದು ‘ಸಾಮಾನ್ಯ ಬುದ್ಧಿ’ ಇದೆಯೆಂದು 1904ರಲ್ಲಿ ಲೆಕ್ಕ ಹಾಕಿ ತೋರಿಸಿದ ಮನುಷ್ಯ. ಪ್ರತಿ ಅಳತೆಯಲ್ಲೂ ದೋಷ ಬೆರೆತಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಎಂದು ಹೇಳಿದವನೂ ಅವನೇ. ಈ ಎರಡನೆಯ ಪಾಠ ಮೊದಲನೆಯದರಷ್ಟು ದೂರ ಹೋಗಲಿಲ್ಲ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದರು. ಅತ್ತ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ವಿ. ವಿ. ಕಾಮತ್ ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಬಂಧ, 1940ರಲ್ಲಿ ಪುಸ್ತಕ ಪ್ರಕಟಿಸಿದರು. ಭಾರತದ ಮಕ್ಕಳನ್ನು ಅವರದೇ ನುಡಿಯಲ್ಲಿ ಅಳೆಯಲು ನಡೆದ ಮೊದಮೊದಲ ಗಟ್ಟಿ ಪ್ರಯತ್ನಗಳಲ್ಲಿ ಅದು ಒಂದು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಲ್ಲಿ ಈ ಶತಮಾನದಲ್ಲೂ ನಮ್ಮ ಆಸ್ಪತ್ರೆಗಳಲ್ಲಿ, ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಬಳಕೆಯಾಗುತ್ತ ಬಂದಿದೆ.

ಹೆಮ್ಮೆಪಡುವ ಮುಂಚೆ ಒಂದು ಲೆಕ್ಕ ನೋಡಬೇಕು. ನ್ಯೂಜಿಲೆಂಡಿನ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಫ್ಲಿನ್ 1984ರಲ್ಲಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದ: ಅಮೆರಿಕದಲ್ಲಿ ಐಕ್ಯೂ ಪರೀಕ್ಷೆಯ ಅಂಕಗಳು ದಶಕಕ್ಕೆ ಸುಮಾರು ಮೂರರಂತೆ ಏರುತ್ತಲೇ ಬಂದಿವೆ. ಶಾಲೆ, ಊಟ, ಸಣ್ಣ ಕುಟುಂಬ, ಚಿತ್ರ ನೋಡಿ ಒಗಟು ಬಿಡಿಸುವ ಅಭ್ಯಾಸ ಎಂದು ಕಾರಣಗಳ ಚರ್ಚೆ ಇನ್ನೂ ಇದೆ. ಸರಾಸರಿ 100ರಲ್ಲೇ ನಿಲ್ಲಬೇಕಾದರೆ ಅಳತೆಗೋಲನ್ನು ಆಗಾಗ ಹೊಸದಾಗಿ ಗೀಚಬೇಕು. ಹಳೆಯ ಕೋಲಿನಲ್ಲಿ ಅಳೆದರೆ ಮಗು ಇರುವುದಕ್ಕಿಂತ ಎತ್ತರ ಕಾಣುತ್ತದೆ. 1930ರ ದಶಕದ ಮಕ್ಕಳನ್ನು ನೋಡಿ ಹಾಕಿದ ಮಾನದಂಡದಲ್ಲಿ ಇಂದಿನ ಮಗುವನ್ನು ನಿಲ್ಲಿಸಿದರೆ, ನೆರವು ಬೇಕಾದ ಮಗು ಗೆರೆಯ ಮೇಲೆ ತೇಲಿಬಿಡಬಹುದು. ಪ್ರಮಾಣಪತ್ರ ಇಲ್ಲ, ಮಾಸಾಶನ ಇಲ್ಲ. ಮನೆಯವರಿಗೆ ಅದು ‘ನಿಮ್ಮ ಮಗು ಬುದ್ಧಿವಂತ’ ಎಂಬ ಸಿಹಿಸುದ್ದಿಯ ವೇಷದಲ್ಲಿ ಬರುತ್ತದೆ.

ಅತ್ತೆಯ ಕೊತ್ತಂಬರಿ ಸೊಪ್ಪಿಗೆ ವಾಪಸು ಬರುತ್ತೇನೆ, ಏಕೆಂದರೆ ಅದರ ಮೇಲೆ ಒಳ್ಳೆಯ ಸಂಶೋಧನೆಯೇ ಇದೆ. 1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಪಾಪ್‌ಕಾರ್ನ್ ಮಾರುವ ಐದು ಮಕ್ಕಳ ಹತ್ತಿರ ಸಂಶೋಧಕರು ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದರು. ನೂರಕ್ಕೆ 98 ಉತ್ತರ ಸರಿ. ಅದೇ ಬಗೆಯ ಲೆಕ್ಕವನ್ನು ಕಾಗದದ ಮೇಲೆ ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ಐದೇ ಮಕ್ಕಳೇ ಎಂದು ಮೂಗು ಮುರಿಯಬಹುದು. ಈಚೆಗೆ ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ದೊಡ್ಡ ಪ್ರಮಾಣದಲ್ಲಿ ನಡೆಸಿದ ಅಧ್ಯಯನದಲ್ಲೂ ಕಂಡದ್ದು ಇದೇ. ಸಂತೆಯ ಲೆಕ್ಕ ಶಾಲೆಗೆ ಬರುವುದಿಲ್ಲ, ಶಾಲೆಯ ಲೆಕ್ಕ ಸಂತೆಗೆ ಹೋಗುವುದಿಲ್ಲ. ಇನ್ನೂ ಹಿಂದೆ, 1931-32ರಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉಜ್ಬೆಕ್ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಇವುಗಳ ಚಿತ್ರ ಇಟ್ಟು ಗುಂಪಿಗೆ ಸೇರದ್ದು ಯಾವುದೆಂದು ಕೇಳಿದ. ನಾಲ್ಕೂ ಒಟ್ಟಿಗೇ ಇರಬೇಕು ಎಂಬುದು ಅವರ ಉತ್ತರ; ದಿಮ್ಮಿಯೇ ಇಲ್ಲದಿದ್ದರೆ ಗರಗಸ ಇಟ್ಟುಕೊಂಡು ಏನು ಮಾಡುವುದು? ಲೂರಿಯಾ ಇದನ್ನು ಶಾಲೆ ಕಾಣದ ಆಲೋಚನೆಯ ಮಿತಿ ಎಂದು ಓದಿದ. ನನಗೆ ಉತ್ತರಕ್ಕಿಂತ ಪ್ರಶ್ನೆಯೇ ಪೆದ್ದಾಗಿ ಕಾಣುತ್ತದೆ.

ಗೆರೆ ಎಷ್ಟು ಹರಿತವಾಗಬಹುದು ಎಂಬುದಕ್ಕೆ ಫ್ಲೋರಿಡಾದ ಒಂದು ಮೊಕದ್ದಮೆ ಇದೆ. ಬೌದ್ಧಿಕ ನ್ಯೂನತೆ ಇರುವವರನ್ನು ಗಲ್ಲಿಗೇರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತ್ತು. ನ್ಯೂನತೆ ಎಂದರೇನು ಎಂಬುದನ್ನು ರಾಜ್ಯಗಳಿಗೆ ಬಿಟ್ಟಿತ್ತು. ಫ್ಲೋರಿಡಾ 70 ಎಂದು ಗೆರೆ ಎಳೆಯಿತು. ಕೊಲೆ ಆರೋಪದಲ್ಲಿ ಮರಣದಂಡನೆಗೆ ಗುರಿಯಾದ ಫ್ರೆಡ್ಡಿ ಲೀ ಹಾಲ್‌ನ ಐಕ್ಯೂ ಅಂಕಗಳಲ್ಲಿ ಕೋರ್ಟು ಪರಿಗಣಿಸಿದವು 71ರಿಂದ 80ರವರೆಗೆ ಇದ್ದವು. 71 ಎಂದರೆ ಸಾಯಬಹುದು, 70 ಎಂದರೆ ಬದುಕಬಹುದು. ಯಾವ ಪರೀಕ್ಷೆಯೂ ಅಷ್ಟು ನಿಖರವಲ್ಲ; ಅದೇ ಮನುಷ್ಯ ಮುಂದಿನ ವಾರ ಕೂತರೆ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ ಎಂದು ಪರೀಕ್ಷೆಯ ಕೈಪಿಡಿಗಳೇ ಬರೆದಿರುತ್ತವೆ. 2014ರ ಮೇ ತಿಂಗಳಲ್ಲಿ ನಾಲ್ವರ ವಿರುದ್ಧ ಐವರ ಬಹುಮತದಿಂದ ಕೋರ್ಟು ಫ್ಲೋರಿಡಾದ ಗೆರೆಯನ್ನು ಅಳಿಸಿತು. ಅಂಕವೆಂದರೆ ಚುಕ್ಕೆಯಲ್ಲ, ಒಂದು ಹರವು ಎಂಬ ಸ್ಪಿಯರ್‌ಮನ್ನನ ಎರಡನೆಯ ಪಾಠ ಅಲ್ಲಿ ಕಾನೂನಾಗಲು 110 ವರ್ಷ ಬೇಕಾಯಿತು.

ಇನ್ನು ದಣಿವಿನ ಮಾತು. ‘ಬರ್ನ್‌ಔಟ್’ ಈಗ ನಮ್ಮ ಆಫೀಸುಗಳಲ್ಲಿ ಕಾಫಿಯಷ್ಟೇ ಸಲೀಸಾದ ಪದ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ತಾನೂ ಸಂಗಡಿಗರೂ ಸುಸ್ತಾಗಿ, ಸಿಡುಕರಾಗಿ, ಬಂದ ರೋಗಿಯ ಮುಖ ನೋಡಲೂ ಮನಸ್ಸಿಲ್ಲದವರಾದ ಬಗೆಯನ್ನು ಆ ಹೆಸರಿನಲ್ಲಿ ಬರೆದ. ಅದನ್ನು ಅಳತೆಗೆ ತಂದವರು ಬರ್ಕ್‌ಲಿಯ ಕ್ರಿಸ್ಟಿನಾ ಮ್ಯಾಸ್ಲಾಕ್. ಸ್ಟ್ಯಾನ್‌ಫರ್ಡ್‌ನ ಕುಖ್ಯಾತ ಜೈಲು ಪ್ರಯೋಗವನ್ನು 1971ರಲ್ಲಿ ನೋಡಲು ಹೋಗಿ ‘ಇದನ್ನು ನಿಲ್ಲಿಸು’ ಎಂದು ಪಟ್ಟು ಹಿಡಿದವರೂ ಇವರೇ. 1981ರಲ್ಲಿ ಸೂಸನ್ ಜಾಕ್ಸನ್ ಜೊತೆ ಅವರು ಮಾಡಿದ 22 ವಾಕ್ಯಗಳ ಪ್ರಶ್ನಾವಳಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಕೇಳುತ್ತದೆ: ಒಳಗಿನ ಕಸುವು ಬತ್ತಿದೆಯೇ, ಎದುರಿನವರು ಮನುಷ್ಯರಾಗಿ ಕಾಣುವುದು ನಿಂತಿದೆಯೇ, ಮಾಡಿದ ಕೆಲಸಕ್ಕೆ ಅರ್ಥ ಇದೆ ಅನ್ನಿಸುತ್ತದೆಯೇ. ಎರಡನೆಯದು ವಾರ್ಡಿನ ಬಾಗಿಲಲ್ಲಿ ನಿಂತರೆ ಕಿವಿಗೆ ಬೀಳುತ್ತದೆ. ‘ಗೌರಮ್ಮನವರಿಗೆ ಡ್ರಿಪ್ ಬದಲಾಯಿಸಿದ್ರಾ’ ಎಂಬ ಮಾತು ‘ಹನ್ನೆರಡನೇ ಬೆಡ್ಡು ಆಯ್ತಾ’ ಎಂದಾಗುವ ದಿನ ಅದು.

ಒಳ್ಳೆಯ ಪ್ರಶ್ನಾವಳಿಯೇ. ಎಡವಟ್ಟಾದದ್ದು ಇಲ್ಲೂ ಗೆರೆಯಿಂದ. ಮೊದಮೊದಲ ಕೈಪಿಡಿಗಳು ಉತ್ತರಿಸಿದವರನ್ನು ಮೂರು ಸಮಪಾಲು ಮಾಡಿ, ಮೇಲಿನ ಪಾಲಿಗೆ ‘ಹೆಚ್ಚು’ ಎಂಬ ಹಣೆಪಟ್ಟಿ ಹಚ್ಚಿದ್ದವು. ತರಗತಿಯಲ್ಲಿ ಮೂರನೇ ಒಂದು ಭಾಗ ಯಾವಾಗಲೂ ಎತ್ತರದವರಾಗಿಯೇ ಇರುತ್ತಾರೆ ಎಂದ ಹಾಗಾಯಿತು. ರೋಗ ಪತ್ತೆಗೆ ಇದು ಆಧಾರವಲ್ಲವೆಂದು ಆಮೇಲೆ ಆ ಗೆರೆಗಳನ್ನು ಕೈಪಿಡಿಯಿಂದ ತೆಗೆದರು. ಅಷ್ಟರಲ್ಲಿ ಅವು ಸಾವಿರಾರು ಪ್ರಬಂಧಗಳಲ್ಲಿ ಸೇರಿಹೋಗಿದ್ದವು. 2018ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು 45 ದೇಶಗಳ, ಒಂದು ಲಕ್ಷಕ್ಕೂ ಮಿಕ್ಕ ವೈದ್ಯರನ್ನು ಒಳಗೊಂಡ 182 ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿತು. ವೈದ್ಯರಲ್ಲಿ ಬರ್ನ್‌ಔಟ್ ಎಷ್ಟು? ಸೊನ್ನೆಯಿಂದ ಹಿಡಿದು ಶೇ. 80.5ರ ತನಕ! ಎಷ್ಟಕ್ಕೆ ಬರ್ನ್‌ಔಟ್ ಎನ್ನಬೇಕು ಎಂಬುದಕ್ಕೇ ಕನಿಷ್ಠ 142 ಬೇರೆಬೇರೆ ವ್ಯಾಖ್ಯೆಗಳಿದ್ದವು. ಖಿನ್ನತೆಗೂ ಇದಕ್ಕೂ ನಡುವೆ ಬೇಲಿ ಎಲ್ಲಿದೆ ಎಂಬ ವಾದವೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಯ ಪಟ್ಟಿಗೆ ಸೇರಿಸದೆ ‘ಉದ್ಯೋಗ ಸಂಬಂಧಿ ವಿದ್ಯಮಾನ’ ಎಂದು ಕರೆಯಿತು. ನನಗೆ ಅದು ಸರಿ ಅನ್ನಿಸುತ್ತದೆ. ಕಾಯಿಲೆ ಎಂದರೆ ಮಾತ್ರೆ ನುಂಗಬೇಕಾದವನು ನೌಕರ, ಉದ್ಯೋಗದ್ದು ಎಂದರೆ ಪಾಳಿ ಪಟ್ಟಿ ತಿದ್ದಬೇಕಾದವನು ಮಾಲೀಕ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ‘ಬೇಜಾರು’ ಎಂಬ ಒಂದೇ ಮಾತು ಬೇಸರ, ದುಃಖ, ಮುನಿಸು, ದಣಿವು, ಕೊನೆಗೆ ಮಳೆ ಬಂದು ಮದುವೆ ಊಟ ತಪ್ಪಿದ್ದಕ್ಕೂ ಸಲ್ಲುತ್ತದೆ. ‘ಸಾಕಾಗಿದೆ’, ‘ರೋಸಿಹೋಗಿದೆ’, ‘ತಲೆ ಕೆಟ್ಟು ಕೂತಿದೆ’ ಇವುಗಳ ನಡುವಿನ ಹದವನ್ನು ಸೊನ್ನೆಯಿಂದ ಆರರವರೆಗಿನ ಖಾನೆಗಳಲ್ಲಿ ಹಾಕುವುದು ಹೇಗೆ? ‘ಭಾವನಾತ್ಮಕವಾಗಿ ಬರಿದಾಗಿದ್ದೇನೆ’ ಎಂದು ಅನುವಾದಿಸಿ ಕೇಳಿದರೆ ಆಶಾ ಕಾರ್ಯಕರ್ತೆಯೊಬ್ಬಳು ವೈದ್ಯಾಧಿಕಾರಿಯ ಕಡೆ ಒಮ್ಮೆ ನೋಡಿ ‘ಹಂಗೇನಿಲ್ಲ ಸಾರ್’ ಎನ್ನುತ್ತಾಳೆ. ಒಂದೇ ವಾರ್ಡಿನ ಅಂಕಗಳನ್ನು ತಿಂಗಳಿಂದ ತಿಂಗಳಿಗೆ ಹೋಲಿಸಿ, ಏರಿದಾಗ ಏನು ಬದಲಾಯಿತು ಎಂದು ಹುಡುಕಲು ಈ ಪ್ರಶ್ನಾವಳಿಗಳು ಉಪಯೋಗಕ್ಕೆ ಬರುತ್ತವೆ. ಒಬ್ಬ ನರ್ಸನ್ನು ತೋರಿಸಿ ‘ಇವಳಿಗಿದೆ, ಇವಳಿಗಿಲ್ಲ’ ಎನ್ನಲು ಬರುವುದಿಲ್ಲ.

ಗೆರೆಯನ್ನು ಎಳೆಯಲೇಬೇಕಾದ ಜಾಗವೊಂದಿದೆ: ನ್ಯಾಯಾಲಯ. ಅಪರಾಧಿ ಅಥವಾ ಅಲ್ಲ, ನಡುವಿನ ಅಂಕವಿಲ್ಲ. ಹನ್ನೆರಡು ಮಂದಿ ಅಪರಿಚಿತರು ಬಾಗಿಲು ಹಾಕಿಕೊಂಡು ಅದನ್ನು ಹೇಗೆ ತೀರ್ಮಾನಿಸುತ್ತಾರೆ ಎಂಬ ಕುತೂಹಲಕ್ಕೆ ಷಿಕಾಗೋ ವಿಶ್ವವಿದ್ಯಾಲಯದವರು 1954ರಲ್ಲಿ ಕನ್ಸಾಸ್‌ನ ವಿಚಿಟಾದಲ್ಲಿ, ನ್ಯಾಯಾಧೀಶರ ಮತ್ತು ವಕೀಲರ ಒಪ್ಪಿಗೆ ಪಡೆದು, ಜೂರಿಗಳಿಗೆ ತಿಳಿಯದ ಹಾಗೆ ಅವರ ಕೋಣೆಯಲ್ಲಿ ಮೈಕ್ ಇಟ್ಟರು. ಸುದ್ದಿ ಹೊರಬಿದ್ದು ರಂಪವಾಯಿತು. 1956ರಲ್ಲಿ ಅಮೆರಿಕದ ಸಂಸತ್ತು ಇಂಥ ಧ್ವನಿಮುದ್ರಣವನ್ನು ಕಾನೂನಿನಿಂದಲೇ ನಿಷೇಧಿಸಿತು. ಆಗ ಹ್ಯಾರಿ ಕಾಲ್ವೆನ್ ಮತ್ತು ಹ್ಯಾನ್ಸ್ ಜೈಸೆಲ್ ಬಳಸು ದಾರಿ ಹಿಡಿದರು. 3,576 ಕ್ರಿಮಿನಲ್ ಮೊಕದ್ದಮೆಗಳಲ್ಲಿ ನ್ಯಾಯಾಧೀಶರನ್ನು ‘ಜೂರಿ ಇರದಿದ್ದರೆ ನೀವೇನು ತೀರ್ಪು ಕೊಡುತ್ತಿದ್ದಿರಿ’ ಎಂದು ಅಂಚೆಯಲ್ಲಿ ಕೇಳಿದರು. 1966ರ ಅವರ ಪುಸ್ತಕದ ಪ್ರಕಾರ ನೂರಕ್ಕೆ 78 ಸಲ ಇಬ್ಬರ ತೀರ್ಪೂ ಒಂದೇ. ಬೇರೆಯಾದ ಕಡೆ ಬಹುಪಾಲು ಜೂರಿಯದೇ ಮೃದು ಕೈ. 78 ಹೆಚ್ಚೋ ಕಡಿಮೆಯೋ ಎಂದು ಆವತ್ತಿನಿಂದ ಜಗಳ. ಭಿನ್ನವಾದ ಕಡೆ ತಪ್ಪಿದ್ದು ಜೂರಿಯೇ ಎಂದು ಹೇಗೆ ಗೊತ್ತು?

ಬಾಗಿಲು ಮುಚ್ಚಿದ್ದರಿಂದ ಮುಂದಿನ ಸಂಶೋಧನೆಯೆಲ್ಲ ನಕಲಿ ಜೂರಿಗಳ ಮೇಲೆ ನಡೆಯಿತು; ಹೆಚ್ಚಾಗಿ ಕಾಲೇಜು ಹುಡುಗರು, ಎದುರಿಗೆ ನಾಲ್ಕು ಪುಟದ ಕಾಲ್ಪನಿಕ ಮೊಕದ್ದಮೆ. ಇದರ ಕೊರತೆ ಎಲ್ಲರಿಗೂ ಗೊತ್ತು, ಆದರೂ ಒಂದು ಒಳನೋಟ ಗಟ್ಟಿಯಾಗಿ ನಿಂತಿದೆ. ನ್ಯಾನ್ಸಿ ಪೆನ್ನಿಂಗ್ಟನ್ ಮತ್ತು ರೀಡ್ ಹೇಸ್ಟಿ ಪ್ರಕಾರ ಜೂರಿಗಳು ಸಾಕ್ಷ್ಯಗಳನ್ನು ತಕ್ಕಡಿಯಲ್ಲಿ ಒಂದೊಂದಾಗಿ ತೂಗುವುದಿಲ್ಲ, ಅವನ್ನು ಪೋಣಿಸಿ ಕಥೆ ಕಟ್ಟುತ್ತಾರೆ. ಯಾವ ತೀರ್ಪು ಕಥೆಗೆ ಕೂಡುತ್ತದೋ ಅದನ್ನು ಆರಿಸುತ್ತಾರೆ. 1988ರ ಪ್ರಯೋಗದಲ್ಲಿ ಸಾಕ್ಷ್ಯ ಅದದೇ, ಜೋಡಿಸಿದ ಅನುಕ್ರಮ ಮಾತ್ರ ಬೇರೆ. ಪ್ರಾಸಿಕ್ಯೂಷನ್ನಿನದು ಕಥೆಯಂತೆ ಹರಿದು, ಆರೋಪಿಯ ಕಡೆಯದು ಚೂರುಚೂರಾಗಿ ಬಂದಾಗ ನೂರಕ್ಕೆ 78 ಮಂದಿ ಅಪರಾಧಿ ಎಂದರು. ತಿರುಗಿಸಿ ಇಟ್ಟಾಗ 31. ಜೂರಿಯ ಪೂರ್ವಗ್ರಹ ಅಳೆಯುವ ಪ್ರಶ್ನಾವಳಿಗಳೂ ಹಲವು ಬಂದಿವೆ, ಅವುಗಳ ಮೇಲೆ ಸಲಹೆಗಾರರ ವ್ಯಾಪಾರವೂ ನಡೆದಿದೆ. ತೀರ್ಪನ್ನು ಮುಂಗಾಣುವುದರಲ್ಲಿ ಅವು ದುರ್ಬಲ. ಸಾಕ್ಷ್ಯ ಗಟ್ಟಿ ಇದ್ದರೆ ಮನೋಧೋರಣೆಯ ಪ್ರಭಾವ ತಗ್ಗುತ್ತದೆ.

ಕಥೆಯ ಬಲ ಏನೆಂದು ನಮಗೆ 1959ರ ಮುಂಬಯಿ ತೋರಿಸಿದೆ. ಹೆಂಡತಿಯ ಗೆಳೆಯನನ್ನು ಕೊಂದ ಆರೋಪ ಹೊತ್ತ ನೌಕಾಪಡೆಯ ಕಮಾಂಡರ್ ನಾನಾವತಿಯ ಮೊಕದ್ದಮೆಯಲ್ಲಿ ಜೂರಿ ಎಂಟು-ಒಂದರಿಂದ ‘ನಿರ್ದೋಷಿ’ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಶುಭ್ರ ಸಮವಸ್ತ್ರದ ಗಂಡ, ದಾರಿ ತಪ್ಪಿದ ಹೆಂಡತಿ, ಮೋಸದ ಗೆಳೆಯ: ‘ಬ್ಲಿಟ್ಜ್’ ಪತ್ರಿಕೆ ಆಗಲೇ ಕಥೆಯನ್ನು ಊರಿಗೆಲ್ಲ ಹಂಚಿತ್ತು, ಜೂರಿಗಳು ಕಟ್ಟಬೇಕಾದ ಕೆಲಸವೇ ಉಳಿದಿರಲಿಲ್ಲ. ಇದೊಂದೇ ಮೊಕದ್ದಮೆಯಿಂದ ಭಾರತದಲ್ಲಿ ಜೂರಿ ಪದ್ಧತಿ ಹೋಯಿತು ಎಂಬುದು ಮಾತ್ರ ದಂತಕಥೆ. ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ 1958ರಲ್ಲೇ ಅದನ್ನು ರದ್ದುಮಾಡಲು ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಕೊನೆಗೆ ತೆಗೆದುಹಾಕಿತು.

ಜೂರಿ ಹೋಗಿ ನ್ಯಾಯಾಧೀಶರೊಬ್ಬರೇ ಉಳಿದರೆ ಸಮಸ್ಯೆ ತೀರಿತೇ? ದಣಿವೂ ತೀರ್ಪೂ ಕೂಡುವ ಜಾಗ ಇದು. 2011ರಲ್ಲಿ ಇಸ್ರೇಲಿನ ಎಂಟು ನ್ಯಾಯಾಧೀಶರ 1,112 ಪೆರೋಲ್ ತೀರ್ಮಾನಗಳ ಅಧ್ಯಯನ ಲೋಕಪ್ರಸಿದ್ಧವಾಯಿತು. ಬೆಳಗ್ಗೆ ಸುಮಾರು ಶೇ. 65ರಷ್ಟು ಅರ್ಜಿಗಳಿಗೆ ಅನುಕೂಲ, ವಿರಾಮ ಹತ್ತಿರವಾದಂತೆ ಸೊನ್ನೆಯ ಸಮೀಪ, ತಿಂಡಿ ಆದ ಮೇಲೆ ಮತ್ತೆ 65. ತಾಲ್ಲೂಕು ಕೋರ್ಟಿನ ಯಾವ ಗುಮಾಸ್ತನನ್ನು ಕೇಳಿದರೂ ‘ಇದಕ್ಕೆ ಸಂಶೋಧನೆ ಬೇಕಿತ್ತಾ’ ಎನ್ನುತ್ತಾನೆ. ಆದರೆ ಆ ವರ್ಷವೇ ಬೇರೆಯವರು ತಡೆದರು: ಅಲ್ಲಿ ವಕೀಲರಿಲ್ಲದ ಕೈದಿಗಳ ಅರ್ಜಿಗಳು ವಿರಾಮಕ್ಕೆ ಮುಂಚೆ, ಕೊನೆಗೆ ಬರುವ ಪರಿಪಾಠವಿತ್ತು. ಹಸಿವೆಂದು ಕಂಡದ್ದು ವಕೀಲರ ಗೈರುಹಾಜರಿಯೂ ಇರಬಹುದು. ಮನಸ್ಸಿನ ಶಕ್ತಿ ಬ್ಯಾಟರಿಯಂತೆ ಖರ್ಚಾಗುತ್ತದೆ ಎಂಬ ಹಿನ್ನೆಲೆಯ ಸಿದ್ಧಾಂತವನ್ನು 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮತ್ತೆ ಪರೀಕ್ಷಿಸಿದಾಗ ಪರಿಣಾಮ ಹತ್ತಿರಹತ್ತಿರ ಸೊನ್ನೆ ಬಂತು. ಕಥೆ ಚೆನ್ನಾಗಿತ್ತು, ಜೂರಿಗಳ ಹಾಗೆ ನಾವೂ ಒಪ್ಪಿಬಿಟ್ಟಿದ್ದೆವು.

ಕರ್ನಾಟಕದ ಹೆಸರು ಈ ಚರಿತ್ರೆಯಲ್ಲಿ ದೊಡ್ಡದಾಗಿ ಬರುವುದು ಸೆಲ್ವಿ ಮೊಕದ್ದಮೆಯಲ್ಲಿ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮಿದುಳಿನ ಅಲೆಗಳ ನಕ್ಷೆ ಇವುಗಳ ದೊಡ್ಡ ಕೇಂದ್ರವಾಗಿ ಆಗ ಬೆಂಗಳೂರು ಹೆಸರಾಗಿತ್ತು. ಟಿವಿಯಲ್ಲಿ ಅರೆಮಂಪರಿನ ತೊದಲುಮಾತು ಪ್ರಸಾರವಾಗುತ್ತಿತ್ತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಈ ಮೂರನ್ನೂ ಮಾಡುವಂತಿಲ್ಲ ಎಂದಿತು. ಒಪ್ಪಿದರೆ ಮಾಡಬಹುದು, ಒಪ್ಪಿಗೆಯನ್ನು ವಕೀಲರ ನೆರವಿನೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಲಾಕಪ್ಪಿನಲ್ಲಿರುವವನ ‘ಹೂಂ’ ಎಷ್ಟು ತೂಕದ್ದು ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ವಿಚಿತ್ರವೆಂದರೆ ಅದಕ್ಕೆ ಸಮೀಪದ ಒಂದು ಅಳತೆ ಇದೆ. ಐಸ್‌ಲೆಂಡಿನಲ್ಲಿ ಪೊಲೀಸನಾಗಿದ್ದು ಆಮೇಲೆ ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞನಾದ ಗಿಸ್ಲಿ ಗುಡ್‌ಜಾನ್ಸನ್ 1984ರಲ್ಲಿ ರೂಪಿಸಿದ್ದು. ಒಂದು ಸಣ್ಣ ಕಥೆ ಓದಿ ಹೇಳುತ್ತಾರೆ. ಆಮೇಲೆ 20 ಪ್ರಶ್ನೆ. ಅವುಗಳಲ್ಲಿ 15 ದಾರಿ ತಪ್ಪಿಸುವಂಥವು, ಕಥೆಯಲ್ಲಿಲ್ಲದ್ದನ್ನು ಇದ್ದಂತೆ ಕೇಳುವಂಥವು. ಮುಗಿದ ಮೇಲೆ ಗಡಸು ದನಿಯಲ್ಲಿ ‘ನೀವು ಬಹಳ ತಪ್ಪು ಮಾಡಿದ್ದೀರಿ, ಸರಿಯಾಗಿ ಯೋಚಿಸಿ ಇನ್ನೊಮ್ಮೆ ಹೇಳಿ’ ಎನ್ನುತ್ತಾರೆ. ತಪ್ಪು ಮಾಡದಿದ್ದವನಿಗೂ ಅದೇ ಮಾತು. ಎರಡನೆಯ ಸುತ್ತಿನಲ್ಲಿ ಎಷ್ಟು ಉತ್ತರ ಬದಲಾಯಿತು ಎಂದು ಎಣಿಸುತ್ತಾರೆ.

1985ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಗಲಭೆಯಲ್ಲಿ ಪೊಲೀಸ್ ಪೇದೆಯೊಬ್ಬನ ಕೊಲೆಯಾಯಿತು. ಎಂಗಿನ್ ರಾಘಿಪ್ ಎಂಬ ಓದುಬರಹ ಬಾರದ ಹುಡುಗ ಪೊಲೀಸರ ಮುಂದೆ ಹೇಳಿದ್ದರ ಮೇಲೆ 1987ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಗುಡ್‌ಜಾನ್ಸನ್ ಪರೀಕ್ಷಿಸಿದಾಗ ಹುಡುಗ ಒತ್ತಡಕ್ಕೆ ಬೇಗ ಬಾಗುವವನೆಂದು ಕಂಡಿತು. ಐಕ್ಯೂ 70ಕ್ಕಿಂತ ತುಸು ಮೇಲಿತ್ತು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ, 69ಕ್ಕೂ 70ಕ್ಕೂ ನಡುವೆ ಮನಬಂದಂತೆ ಎಳೆದ ಗೆರೆಯ ಯಾವ ಬದಿಗೆ ಮನುಷ್ಯ ಬೀಳುತ್ತಾನೆ ಎಂಬುದರ ಮೇಲೆ ತಾನು ತೀರ್ಮಾನಿಸುವುದಿಲ್ಲ ಎಂದು ಹೇಳಿ ಶಿಕ್ಷೆಯನ್ನು ರದ್ದುಮಾಡಿತು. ಅಷ್ಟು ಹೊತ್ತಿಗೆ ಶಿಕ್ಷೆಯಾಗಿ ನಾಲ್ಕು ವರ್ಷ ದಾಟಿತ್ತು. ಫ್ಲೋರಿಡಾ ಇದೇ ಮಾತನ್ನು ಕೇಳಿಸಿಕೊಳ್ಳಲು ಇನ್ನೂ ಇಪ್ಪತ್ತಮೂರು ವರ್ಷ ಬಾಕಿ ಇತ್ತು.